ಮಾಗಿ ಚಳಿಗೆ ಹಿತ್ತಲ ಕೋಳಿ: ಗೂಡು, ಮರೆ, ಹಾಸು, ಶಾಖ – ನಿಮ್ಮ ಮನೆಗೆ ಯಾವುದು ಸರಿ?

ದೀಪಾವಳಿ ಮುಗಿಯುತ್ತಿದ್ದ ಹಾಗೆ ನಮ್ಮ ಕಡೆ ಕೋಳಿ ಸಾಕಿದವರು ಕೇಳುವ ಪ್ರಶ್ನೆಗಳು ಬದಲಾಗುತ್ತವೆ. ಗೂಡಿಗೆ ಟಾರ್ಪಾಲು ಕಟ್ಟಬೇಕಾ, ಗೋಣಿ ಚೀಲ ಸಾಕಾ? ಭತ್ತದ ಹೊಟ್ಟು ಹಾಸಬೇಕಾ, ಮರದ ಹೊಟ್ಟಾ? ಬಲ್ಬ್ ಹಾಕಬೇಕಾ, ಕೆಂಡ ಇಡಬೇಕಾ? ಅಂಗಡಿಯವರು ಒಂದು ಹೇಳುತ್ತಾರೆ, ಫೋನಿನ ವಿಡಿಯೊ ಇನ್ನೊಂದು ಹೇಳುತ್ತದೆ, ಮನೆಯ ಅಜ್ಜಿ ಮೂರನೆಯದು ಹೇಳುತ್ತಾರೆ. ವಿಡಿಯೊಗಳಲ್ಲಿ ಎಷ್ಟೋ ಹಿಮ ಬೀಳುವ ದೇಶದವು. ಅಲ್ಲಿನ ಗೂಡನ್ನು ನೋಡಿ ಮಂಡ್ಯದಲ್ಲಿ ಗೂಡು ಮುಚ್ಚಿದರೆ ಕೋಳಿಗೆ ಒಳ್ಳೆಯದಕ್ಕಿಂತ ಕೆಟ್ಟದ್ದೇ ಜಾಸ್ತಿ.

ನಮ್ಮದು ಮದ್ದೂರು ತಾಲ್ಲೂಕಿನ ನಾಲೆ ಬಯಲು. 11 ವರ್ಷದಿಂದ ಹಿತ್ತಲಲ್ಲಿ 20–25 ಕೋಳಿ ಇವೆ. ನಾಟಿ ಜಾಸ್ತಿ, ಒಂದಷ್ಟು ಗಿರಿರಾಜ, ಸ್ವರ್ಣಧಾರ ಎಂಬ ಸುಧಾರಿತ ತಳಿಯವು. ಮೂರನೆಯ ವರ್ಷ ನಾನು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಈ ಬರಹ ಹುಟ್ಟಿದ್ದೇ ಅದರಿಂದ. ಆ ವರ್ಷ ಚಳಿ ಜೋರಿತ್ತು. ಕೋಳಿ ನಡುಗುತ್ತವೆ ಅಂತ ಗೂಡಿನ ನಾಲ್ಕೂ ಕಡೆ ಟಾರ್ಪಾಲು ಬಿಗಿದು ಕಟ್ಟಿದೆ. ಗಾಳಿಗೆ ಒಂದು ಸಂದೂ ಬಿಡಲಿಲ್ಲ. ಎಂಟು ಹತ್ತು ದಿನಕ್ಕೆ ರಾತ್ರಿ ಗೂಡಿನೊಳಗೆ ಗೊರಗೊರ ಸದ್ದು ಶುರುವಾಯಿತು. ಕಣ್ಣಲ್ಲಿ ನೀರು, ಮೂಗಲ್ಲಿ ಸಿಂಬಳ. ಪಶು ಆಸ್ಪತ್ರೆಯ ಡಾಕ್ಟರು ಬಂದು ಮೊದಲು ಮಾಡಿದ ಕೆಲಸ ಟಾರ್ಪಾಲು ಬಿಚ್ಚಿಸಿದ್ದು. ಅಷ್ಟರಲ್ಲಿ ಏಳು ಕೋಳಿ ಹೋಗಿದ್ದವು. ಅವುಗಳಲ್ಲಿ ಎರಡು ಮೊಟ್ಟೆ ಇಡುತ್ತಿದ್ದ ಹ್ಯಾಟೆಗಳು. ಅವನ್ನು ಕೊಂದದ್ದು ಚಳಿಯಲ್ಲ, ನಾನು ಕಟ್ಟಿದ ಟಾರ್ಪಾಲು.

ನಮ್ಮ ಚಳಿ ಎಂಥದ್ದು

ಮೈಸೂರು, ಮಂಡ್ಯದಲ್ಲಿ ಡಿಸೆಂಬರ್, ಜನವರಿ ರಾತ್ರಿಗಳು ಸಾಮಾನ್ಯವಾಗಿ 14–17 ಡಿಗ್ರಿಗೆ ಇಳಿಯುತ್ತವೆ. ಕೆಲವು ರಾತ್ರಿ 12ರ ಹತ್ತಿರ ಹೋಗುತ್ತದೆ. ಹಗಲಿಗೆ ಮತ್ತೆ 28 ಡಿಗ್ರಿ. ಕೋಳಿಯ ಮೈಬಿಸಿ 41 ಡಿಗ್ರಿಯ ಆಸುಪಾಸು, ಮೇಲೆ ಪುಕ್ಕದ ಹೊದಿಕೆ. ಮೈ ಒಣಗಿದ್ದು ಹೊಟ್ಟೆ ತುಂಬಿದ್ದರೆ ಬೆಳೆದ ಕೋಳಿಗೆ 15 ಡಿಗ್ರಿ ಏನೂ ಅಲ್ಲ. ಪುಕ್ಕ ಉಬ್ಬಿಸಿ, ಒಂದಕ್ಕೊಂದು ಒತ್ತಿ ಕೂತು ರಾತ್ರಿ ಕಳೆಯುತ್ತದೆ.

ಕಾಯಿಲೆ ತರುವುದು ಮೂರು. ಒಂದು ತೇವ: ನವೆಂಬರಿನ ಸೈಕ್ಲೋನ್ ಜಡಿಮಳೆ, ಬೆಳಗಿನ ಇಬ್ಬನಿ, ಗದ್ದೆಯ ಮಂಜು. ಎರಡು, ಕೂತ ಕೋಳಿಯ ಮೈಗೆ ನೇರವಾಗಿ ಹೊಡೆಯುವ ಮೂಡಗಾಳಿ. ಮೂರು, ಮುಚ್ಚಿದ ಗೂಡಲ್ಲಿ ಹಿಕ್ಕೆಯಿಂದ ಏಳುವ ಅಮೋನಿಯಾ ಎಂಬ ಘಾಟು ಅನಿಲ. ಈ ಮೂರನ್ನು ತಡೆದರೆ ದೊಡ್ಡ ಕೋಳಿಗೆ ಬೇರೆ ಶಾಖವೇ ಬೇಡ. ಮರಿಗಳ ಕತೆ ಬೇರೆ, ಅದಕ್ಕೆ ಕೆಳಗೆ ಬರುತ್ತೇನೆ.

ಆರಿಸುವ ಮೊದಲು ಕೇಳಿಕೊಳ್ಳಬೇಕಾದ್ದು

ನಿಮ್ಮಲ್ಲಿ ಇರುವುದು ಬೆಳೆದ ಕೋಳಿಯಾ, ಮರಿಯಾ? ನಾಲ್ಕೈದು ವಾರದೊಳಗಿನ ಮರಿ ಇದ್ದರೆ ದುಡ್ಡು, ಗಮನ ಎಲ್ಲ ಅದರ ಕಡೆಗೇ ಹೋಗಬೇಕು.

ಜಾಗ ಎಷ್ಟು ತೇವ? ಪಾಂಡವಪುರ, ಶ್ರೀರಂಗಪಟ್ಟಣ, ಮದ್ದೂರಿನ ನಾಲೆ ಬಯಲಿಗೂ ನಾಗಮಂಗಲದ ಒಣ ದಿಣ್ಣೆಗೂ ತುಂಬ ವ್ಯತ್ಯಾಸ. ನಾಗಮಂಗಲದವರಿಗೆ ಒಂದು ತಿಂಗಳು ಬರುವ ಹಾಸು ನಮಗೆ ಹದಿನೈದು ದಿನಕ್ಕೇ ಒದ್ದೆ.

ಬೆಳಿಗ್ಗೆ ಸಂಜೆ ಗೂಡಿನ ಹತ್ತಿರ ಯಾರಿರುತ್ತಾರೆ? ದಿನಾ ಪರದೆ ಎತ್ತಿ ಇಳಿಸುವವರು ಇಲ್ಲದಿದ್ದರೆ ಪರದೆ ಇಲ್ಲದ ಗೂಡೇ ವಾಸಿ. ರಾತ್ರಿ ಕರೆಂಟು ನೆಚ್ಚಿಕೊಳ್ಳುವ ಹಾಗಿದೆಯಾ? ಮುಂಗುಸಿ, ಕಾಡುಬೆಕ್ಕು, ಬೀದಿನಾಯಿ ಕಾಟ ಎಷ್ಟು? ಕಬ್ಬಿನ ಗದ್ದೆ ಪಕ್ಕದವರು ಚಿರತೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ದುಡ್ಡಿನ ಪ್ರಶ್ನೆ ಇವೆಲ್ಲದರ ನಂತರ.

ಗೂಡು: ಇರುವುದನ್ನೇ ಸರಿ ಮಾಡುವುದಾ, ಹೊಸದು ಕಟ್ಟುವುದಾ

ಮಂಕರಿ ಮುಚ್ಚಿ ಮಲಗಿಸುವುದು ನಮ್ಮ ಹಳೇ ರೂಢಿ. ನಾಲ್ಕೈದು ಕೋಳಿಗೆ ಇದಕ್ಕಿಂತ ಅಗ್ಗದ್ದು ಇಲ್ಲ. ಬಿದಿರಿನ ಸಂದಿನಲ್ಲಿ ಗಾಳಿ ಆಡುತ್ತದೆ, ಜಗಲಿಯ ಮೂಲೆಯಲ್ಲಿಟ್ಟರೆ ಚಳಿಗಾಳಿಯೂ ಬಡಿಯುವುದಿಲ್ಲ. ಕೊರತೆ ಎಂದರೆ ನೆಲದ ಥಂಡಿ. ಕೋಳಿ ಬರೀ ನೆಲದ ಮೇಲೆ ಕೂರುತ್ತದೆ. ಕೆಳಗೆ ಒಂದು ಗೋಣಿ ಚೀಲ, ಅದರ ಮೇಲೆ ಒಲೆಯ ಬೂದಿ ಹರಡಿ. ಮೇಲೆ ಕಲ್ಲು ಹೇರುವುದನ್ನು ಮರೆಯಬೇಡಿ, ಮುಂಗುಸಿ ಸಂದು ಹುಡುಕುತ್ತದೆ.

ಗೋಡೆಗೆ ಆನಿಸಿ ಕಟ್ಟಿದ ಮಣ್ಣು, ಇಟ್ಟಿಗೆಯ ಗೂಡು ಚಳಿಗೆ ಎಲ್ಲಕ್ಕಿಂತ ಬೆಚ್ಚಗೆ. ಹಗಲಿನ ಬಿಸಿಯನ್ನು ಗೋಡೆ ಹಿಡಿದು ರಾತ್ರಿ ಬಿಡುತ್ತದೆ. ಆದರೆ ಹಳೇ ಗೂಡುಗಳಲ್ಲಿ ಗಾಳಿಗೆ ದಾರಿ ಇರುವುದಿಲ್ಲ. ಮೇಲ್ಭಾಗದಲ್ಲಿ ಎದುರು ಬದುರು ಒಂದೊಂದು ಇಟ್ಟಿಗೆ ತೆಗೆದು ತಂತಿ ಜಾಲರಿ ಹೊಡೆಯಿರಿ. ಗೋಡೆಯ ಬಿರುಕಿನಲ್ಲಿ ಕೋಳಿ ಹೇನು ಸೇರುತ್ತದೆ, ಅದಕ್ಕೆ ಒಳಗೆ ಸುಣ್ಣ ಬಳಿಯಬೇಕು. ಇಂಥ ಗೂಡು ಈಗಾಗಲೇ ಇರುವವರು ಹೊಸದಕ್ಕೆ ಖರ್ಚು ಮಾಡುವುದು ಸುಮ್ನೆ ದಂಡ.

ಮೈಸೂರಿನ ಬಡಾವಣೆಗಳಲ್ಲಿ ಕಾಲಿನ ಮೇಲೆ ನಿಂತ ಜಾಲರಿ ಪಂಜರ ಜಾಸ್ತಿ. ಹಿಕ್ಕೆ ಕೆಳಗೆ ಬೀಳುತ್ತದೆ, ತೇವದ ಕಾಟ ಕಡಿಮೆ, ಅಕ್ಕಪಕ್ಕದವರಿಗೆ ವಾಸನೆಯೂ ಹೋಗುವುದಿಲ್ಲ. ಆದರೆ ಗಾಳಿ ಕೆಳಗಿನಿಂದ ನೇರ ಹೊಟ್ಟೆಗೆ ಹೊಡೆಯುತ್ತದೆ. ಚಳಿಗಾಲ ಮುಗಿಯುವ ತನಕ ತಳದ ಅರ್ಧಕ್ಕೆ ಒಂದು ಹಲಗೆ ಹಾಕಿ, ಕೋಳಿಗಳು ತಾವಾಗಿಯೇ ಅದರ ಮೇಲೆ ಮಲಗುತ್ತವೆ. ಹಲಗೆಯನ್ನು ಎರಡು ದಿನಕ್ಕೊಮ್ಮೆ ಕೆರೆದು ತೆಗೆಯಬೇಕು.

ತಗಡಿನ ಶೆಡ್ಡು 30ಕ್ಕಿಂತ ಜಾಸ್ತಿ ಕೋಳಿ ಇರುವವರಿಗೆ ಬೇಕೇ ಬೇಕು. ಅದರ ದೊಡ್ಡ ದೋಷ ಚಳಿಗಾಲದಲ್ಲೇ ಕಾಣುವುದು. ರಾತ್ರಿ ತಗಡು ತಣ್ಣಗಾಗುತ್ತದೆ, ಕೋಳಿಯ ಉಸಿರಿನ ತೇವ ಅದಕ್ಕೆ ತಾಗಿ ಹನಿಗಟ್ಟುತ್ತದೆ, ಬೆಳಗಿನ ಜಾವ ಹಾಸಿನ ಮೇಲೆ ತೊಟ್ಟಿಕ್ಕುತ್ತದೆ. ಮಳೆಯೇ ಇಲ್ಲದೆ ಹಾಸು ಒದ್ದೆ ಯಾಕಾಯಿತು ಅಂತ ತಲೆ ಕೆಡಿಸಿಕೊಂಡವರು ಬೆಳಿಗ್ಗೆ ಐದಕ್ಕೆ ಟಾರ್ಚ್ ಹಿಡಿದು ತಗಡಿನ ಒಳಮೈ ನೋಡಬೇಕು. ತಗಡಿನ ಮೇಲೆ ತೆಂಗಿನ ಗರಿ ಅಥವಾ ಒಣ ಕಬ್ಬಿನ ಸೋಗೆ ದಪ್ಪಗೆ ಹೊದಿಸಿ ಕಟ್ಟಿದರೆ ಇದು ಬಹಳ ಕಡಿಮೆಯಾಗುತ್ತದೆ. ಹೆಂಚಿನ ಮಾಡಿಗೆ ಈ ತೊಂದರೆ ಅಷ್ಟಾಗಿ ಇಲ್ಲ. ಹೊಸದಾಗಿ ಕಟ್ಟುವವರಿಗೆ ಹಳೇ ಮನೆ ಕೆಡವಿದ ಹೆಂಚು ಸಿಕ್ಕರೆ ಬಿಡಬೇಡಿ.

ಗೂಡು ಯಾವುದೇ ಇರಲಿ, ರಾತ್ರಿ ಮಾತ್ರ ಒಳಗಿರುವ ನಾಟಿ ಕೋಳಿಗೆ ತಲಾ 1ರಿಂದ 1.5 ಚದರ ಅಡಿ, ದಿನವಿಡೀ ಒಳಗೇ ಇರುವ ಕೋಳಿಗೆ 2 ಚದರ ಅಡಿ ಬೇಕು. ಕೂರಲು ಅಡ್ಡ ಕೋಲು ಇದ್ದರೆ ನೆಲದ ತೇವ ತಾಗುವುದಿಲ್ಲ. ಒಂದು ಕೋಳಿಗೆ ಮುಕ್ಕಾಲು ಅಡಿ ಕೋಲು ಲೆಕ್ಕ.

ಮರೆ: ಗೋಣಿ, ಟಾರ್ಪಾಲು, ತಡಿಕೆ

ಚಳಿಗಾಲದಲ್ಲಿ ನಮ್ಮ ಕಡೆ ಗಾಳಿ ಮೂಡಲು, ಈಶಾನ್ಯದಿಂದ ಬರುತ್ತದೆ. ಹಾಗಾಗಿ ಮರೆ ಬೇಕಾದ್ದು ಆ ಎರಡು ಕಡೆಗೆ. ತೆಂಕಲು, ಪಡುವಲು ತೆರೆದೇ ಇರಲಿ. ಇಲ್ಲೊಂದು ತೊಡಕಿದೆ, ಬೆಳಗಿನ ಎಳೆ ಬಿಸಿಲೂ ಮೂಡಲಿಂದಲೇ ಬರಬೇಕು. ಹಾಸು ಒಣಗಿಸಲು ಆ ಬಿಸಿಲಿನಷ್ಟು ಒಳ್ಳೆಯದು ಇನ್ನೊಂದಿಲ್ಲ. ಅದಕ್ಕೇ ಮರೆ ಯಾವುದಾದರೂ ಸುತ್ತಿ ಎತ್ತುವ ಹಾಗಿರಬೇಕು. ಎಂಟು ಗಂಟೆಗೆ ಎತ್ತಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ಇಳಿಸಿ. ಇಳಿಸಿದಾಗಲೂ ಮಾಡಿನ ಕೆಳಗೆ ಮುಕ್ಕಾಲು ಅಡಿ ಸಂದು ಇರಲಿ. ಕೋಲಿನ ಮೇಲೆ ಕೂತ ಕೋಳಿಯ ತಲೆಗಿಂತ ಆ ಸಂದು ಒಂದು ಅಡಿಯಾದರೂ ಮೇಲಿರಬೇಕು. ಇಲ್ಲದಿದ್ದರೆ ಗಾಳಿ ನೇರ ಕೋಳಿಯ ಮೈಗೇ ಹೋಗುತ್ತದೆ.

ಗೋಣಿ ಚೀಲ ಬಿಚ್ಚಿ ಹೊಲಿದ ಪರದೆ ಉಸಿರಾಡುತ್ತದೆ, ಅಗ್ಗ, ತೂಗು ಹಾಕುವುದು ಸುಲಭ. ಮಳೆಗೆ ನೆಂದರೆ ಮಾತ್ರ ಎರಡು ದಿನ ಒಣಗುವುದಿಲ್ಲ. ಒದ್ದೆ ಗೋಣಿ ತಣ್ಣನೆಯ ಗೋಡೆಯಿದ್ದ ಹಾಗೆ. ಟಾರ್ಪಾಲು ಮಳೆಗೂ ಗಾಳಿಗೂ ಗಟ್ಟಿ, ಜೊತೆಗೆ ಒಳಗಿನ ತೇವವನ್ನೂ ಹೊರಗೆ ಬಿಡುವುದಿಲ್ಲ. ಅದರ ಫಲ ನಾನು ಕಂಡಿದ್ದೇನೆ. ತೆಂಗಿನ ಗರಿಯ ತಡಿಕೆ ಗಾಳಿಯ ಜೋರನ್ನು ಮುರಿದು ತೇವವನ್ನು ಬಿಟ್ಟುಕೊಡುತ್ತದೆ. ಹೆಣೆಯಲು ಬರುವವರು ಮನೆಯಲ್ಲಿದ್ದರೆ ಖರ್ಚಿಲ್ಲ. ಮೇಲೆತ್ತುವುದು ಕಷ್ಟ, ಸಂದಿನಲ್ಲಿ ಇಲಿ ಸೇರುತ್ತದೆ, ಎರಡು ವರ್ಷಕ್ಕೆ ಹೊಸದು ಬೇಕು.

ನಾನು ಈಗ ಬಡಗಲಿಗೆ ತಡಿಕೆ ಖಾಯಂ ಮಾಡಿದ್ದೇನೆ. ಮೂಡಲಿಗೆ ಗೋಣಿ ಪರದೆ. ಟಾರ್ಪಾಲು ಒಂದಿದೆ, ಸೈಕ್ಲೋನ್ ಮಳೆಯ ದಿನ ಮಾತ್ರ ಗೋಣಿಯ ಹೊರಗೆ ಇಳಿಸುತ್ತೇನೆ, ಮಳೆ ನಿಂತ ತಕ್ಷಣ ಎತ್ತುತ್ತೇನೆ. ಒಂದನ್ನೇ ಕೊಳ್ಳುವಷ್ಟು ದುಡ್ಡಿದ್ದರೆ ಗೋಣಿ ತೆಗೆದುಕೊಳ್ಳಿ.

ಹಾಸು

ಭತ್ತದ ಹೊಟ್ಟು ನಮ್ಮ ಜಿಲ್ಲೆಯ ಭಾಗ್ಯ. ರೈಸ್ ಮಿಲ್ಲಿನಲ್ಲಿ ಚೀಲಗಟ್ಟಲೆ ಸಿಗುತ್ತದೆ. ಗಟ್ಟಿಯಾಗಿ ಹೆಪ್ಪುಗಟ್ಟುವುದಿಲ್ಲ, ಕೋಳಿ ಕೆದರಿದಷ್ಟೂ ಒಣಗುತ್ತದೆ, ಕೊನೆಗೆ ತೋಟಕ್ಕೆ ಗೊಬ್ಬರ. ನೀರು ಹೀರುವ ಶಕ್ತಿ ಮಾತ್ರ ಸಾಧಾರಣ. ಬಡಗಿ ಅಂಗಡಿಯ ಮರದ ಸಿಪ್ಪೆ ಅದಕ್ಕಿಂತ ಚೆನ್ನಾಗಿ ಹೀರುತ್ತದೆ. ಮೈಸೂರು ನಗರದವರಿಗೆ ಅದೇ ಹತ್ತಿರದಲ್ಲಿ ಸಿಗುವುದು. ನುಣ್ಣನೆಯ ಮರದ ಹೊಟ್ಟು ಬೇಡ, ಧೂಳು ಉಸಿರಿಗೆ ಹೋಗುತ್ತದೆ, ಮರಿಗಳು ತಿಂದೂ ಬಿಡುತ್ತವೆ.

ಕಬ್ಬಿನ ಒಣ ತರಗು, ಭತ್ತದ ಹುಲ್ಲು ಬಿಟ್ಟಿ ಸಿಗುತ್ತವೆ. ಹಾಗೇ ಉದ್ದಕ್ಕೆ ಹಾಸಿದರೆ ಮೇಲೆ ಒಣ, ಅಡಿಯಲ್ಲಿ ಕೊಳೆತ ಚಾಪೆ. ಎರಡು ಬೆರಳುದ್ದ ಕತ್ತರಿಸಿ ಹಾಕುವ ವ್ಯವಧಾನ ಇದ್ದರೆ ಸರಿ. ಬೂಷ್ಟು ಹಿಡಿದದ್ದನ್ನು ಯಾವ ಕಾರಣಕ್ಕೂ ಹಾಕಬೇಡಿ, ಆ ಬೂಷ್ಟು ಮರಿಗಳ ಶ್ವಾಸಕೋಶಕ್ಕೆ ಇಳಿಯುತ್ತದೆ. ತೆಂಗಿನ ನಾರಿನ ಪುಡಿ ನೀರನ್ನು ಬಹಳ ಹೀರುತ್ತದೆ, ಹೀರಿದ್ದನ್ನು ಬೇಗ ಬಿಡುವುದಿಲ್ಲ. ಒಣ ಊರಿಗೆ ಸರಿ, ನಾಲೆ ಬಯಲಿಗೆ ನಾನು ಹೇಳುವುದಿಲ್ಲ.

ದೊಡ್ಡ ಕೋಳಿಗೆ ನಾಲ್ಕು ಇಂಚು, ಮರಿಗೆ ಎರಡು ಇಂಚು ದಪ್ಪ ಸಾಕು. ವಾರಕ್ಕೆರಡು ಸಲ ಗುದ್ದಲಿಯಲ್ಲಿ ಮಗುಚಬೇಕು. ಪರೀಕ್ಷೆ ಸುಲಭ: ಒಂದು ಹಿಡಿ ತೆಗೆದು ಹಿಂಡಿ. ಉಂಡೆಯಾಗಿ ನಿಂತರೆ ತೇವ ಜಾಸ್ತಿ, ಆ ಭಾಗ ತೆಗೆದು ಒಣ ಹೊಟ್ಟು, ಸ್ವಲ್ಪ ಸುಣ್ಣದ ಪುಡಿ ಬೆರೆಸಿ. ಕೈ ಬಿಟ್ಟಾಗ ಮೆಲ್ಲಗೆ ಉದುರಿದರೆ ಹದ. ಇನ್ನೊಂದು, ಬೆಳಿಗ್ಗೆ ಪರದೆ ಎತ್ತುವ ಮೊದಲು ಕುಕ್ಕರಗಾಲಲ್ಲಿ ಕೂತು ಕೋಳಿಯ ಎತ್ತರದಲ್ಲಿ ಉಸಿರು ಎಳೆದು ನೋಡಿ. ನಿಂತಾಗ ಗೊತ್ತಾಗದ ಘಾಟು ಅಲ್ಲಿ ಗೊತ್ತಾಗುತ್ತದೆ. ನಿಮ್ಮ ಕಣ್ಣು ಉರಿದರೆ ರಾತ್ರಿಯಿಡೀ ಅಲ್ಲೇ ಕೂತ ಕೋಳಿಗೆ ಹೇಗಾಗಿರಬೇಕು ಅಲ್ವಾ?

ಮರಿಗಳಿಗೆ ಶಾಖ

ಇಲ್ಲಿ ಜಿಪುಣತನ ಬೇಡ. ಮೊದಲ ವಾರ ಮರಿಗೆ ಸುಮಾರು 35 ಡಿಗ್ರಿ ಬೇಕು. ಆಮೇಲೆ ವಾರಕ್ಕೆ 3 ಡಿಗ್ರಿಯಂತೆ ಇಳಿಸಬಹುದು. ಲೆಕ್ಕ ಹಾಕಿ ನೋಡಿ, ನಾಲ್ಕನೇ ವಾರದಲ್ಲೂ 26 ಬೇಕು, ಹೊರಗೆ ರಾತ್ರಿ 15 ಇರುತ್ತದೆ. ಬೇಸಿಗೆಯಲ್ಲಿ ಹತ್ತು ಹನ್ನೆರಡು ದಿನಕ್ಕೆ ಮುಗಿಯುವ ಕೆಲಸ ಮಾಗಿಯಲ್ಲಿ ಮೂರು ನಾಲ್ಕು ವಾರ ಎಳೆಯುವುದು ಇದಕ್ಕೇ. ಹಾಗಾಗಿ ಮೊದಲ ಆಯ್ಕೆ, ಮರಿ ತರುವುದನ್ನೇ ಮುಂದೂಡುವುದು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋದ ಮೇಲೆ ತಂದರೆ ಅರ್ಧ ಖರ್ಚು ಉಳಿಯುತ್ತದೆ. ಯುಗಾದಿಯ ಮರುದಿನದ ಬಾಡೂಟಕ್ಕೆ, ಅಂದರೆ ಹೊಸತೊಡಕಿಗೆ ಮಾರುವ ಲೆಕ್ಕದವರಿಗೆ ಇದು ಆಗುವುದಿಲ್ಲ, ಅವರು ಮಾಗಿಯಲ್ಲೂ ಮರಿ ನೋಡಿಕೊಳ್ಳಲೇಬೇಕು.

ತಾಯಿ ಕೋಳಿಯ ಕಾವಿಗೆ ಸರಿಸಾಟಿ ಇಲ್ಲ. ಕರೆಂಟು ಬೇಡ, ಬೆಂಕಿಯ ಭಯವಿಲ್ಲ, ಮರಿ ಮೇಯುವುದನ್ನೂ ಅದೇ ಕಲಿಸುತ್ತದೆ. ಚಳಿಯಲ್ಲಿ ಒಂದು ತಾಯಿಗೆ 10–12 ಮರಿಗಿಂತ ಜಾಸ್ತಿ ಬೇಡ. ಹೆಚ್ಚಾದರೆ ಅಂಚಿನ ಮರಿಗಳು ರೆಕ್ಕೆಯ ಹೊರಗೆ ಉಳಿದು ಬೆಳಿಗ್ಗೆ ಸೆಟೆದಿರುತ್ತವೆ. ಬೆಲೆ ಎಂದರೆ 21 ದಿನ ಕಾವು, ಆಮೇಲೆ ಎರಡು ತಿಂಗಳಷ್ಟು ಮರಿ ಸಾಕಣೆ, ಅಷ್ಟೂ ದಿನ ಆ ಹ್ಯಾಟೆಯ ಮೊಟ್ಟೆ ಇಲ್ಲ. ಜೊತೆಗೆ ಗಿರಿರಾಜ, ಸ್ವರ್ಣಧಾರ ಕಾವಿಗೆ ಕೂರುವುದು ಅಪರೂಪ. ನಾಟಿ ಹ್ಯಾಟೆಯೇ ಬೇಕು.

ಕೊಂಡು ತಂದ ಮರಿಗೆ ಬಲ್ಬ್. ಮರಿಗೆ 2 ವ್ಯಾಟ್ ಲೆಕ್ಕ. 50 ಮರಿಗೆ 100 ವ್ಯಾಟಿನ ಒಂದೇ ಬಲ್ಬ್ ಬದಲು 60ರ ಎರಡು ಹಾಕಿ. ನಡುರಾತ್ರಿ ಒಂದು ಸುಟ್ಟುಹೋದರೂ ಇನ್ನೊಂದು ಇರುತ್ತದೆ. ಇದು ಹಳೇ ತಂತಿಯ ಬಲ್ಬೇ ಆಗಬೇಕು. ಎಲ್‌ಇಡಿ ಬೆಳಕು ಕೊಡುತ್ತದೆ, ಶಾಖ ಕೊಡುವುದಿಲ್ಲ. ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಎರಡೂ ಬಲ್ಬ್ ರಾತ್ರಿ 14 ಗಂಟೆ ಉರಿದರೆ 1.7 ಯೂನಿಟ್, ಮೂರು ವಾರಕ್ಕೆ ಸುಮಾರು 35 ಯೂನಿಟ್. ಸುತ್ತ ಒಂದೂವರೆ ಅಡಿ ಎತ್ತರದ ರಟ್ಟು ಅಥವಾ ತಗಡು ಬಳೆಯ ಹಾಗೆ ನಿಲ್ಲಿಸಿ. ಮೂಲೆ ಇದ್ದರೆ ಮರಿಗಳು ಅಲ್ಲಿ ಒಂದರ ಮೇಲೊಂದು ಬಿದ್ದು ಸಾಯುತ್ತವೆ. ಮೊದಲ ಮೂರು ದಿನ ಹೊಟ್ಟಿನ ಮೇಲೆ ಪೇಪರ್ ಹಾಸಿ. ಬಲ್ಬನ್ನು ಸರಪಳಿಯಲ್ಲಿ ಭದ್ರವಾಗಿ ಕಟ್ಟಿ. ವೈರಿನಲ್ಲಿ ಜೋತುಬಿಟ್ಟ ಬಲ್ಬ್ ಒಣ ಹೊಟ್ಟಿನ ಮೇಲೆ ಬಿದ್ದರೆ ಶೆಡ್ಡೇ ಹೋಗುತ್ತದೆ.

ಥರ್ಮಾಮೀಟರ್ ಇಲ್ಲದಿದ್ದರೂ ನಡೆಯುತ್ತದೆ, ಮರಿಗಳೇ ಹೇಳುತ್ತವೆ. ಬಲ್ಬಿನ ಕೆಳಗೆ ಗುಂಪುಗಟ್ಟಿ ಚೀರಿದರೆ ಚಳಿ, ಬಲ್ಬ್ ಇಳಿಸಿ. ದೂರ ಹೋಗಿ ಬಾಯಿ ತೆರೆದರೆ ಸೆಕೆ, ಏರಿಸಿ. ಎಲ್ಲ ಕಡೆ ಹರಡಿ ಮಲಗಿದ್ದರೆ ನೀವೂ ಹೋಗಿ ಮಲಗಬಹುದು.

ಕರೆಂಟು ನೆಚ್ಚಿಕೆ ಇಲ್ಲದ ತೋಟದ ಮನೆಗಳಲ್ಲಿ ಇದ್ದಿಲ ಕೆಂಡ ಇಡುತ್ತಾರೆ. ಶಾಖ ಚೆನ್ನಾಗಿ ಬರುತ್ತದೆ, ನಿಜ. ಆದರೆ ಮುಚ್ಚಿದ ಜಾಗದಲ್ಲಿ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೂ ಇಲ್ಲ, ಹೊಗೆಯೂ ಕಾಣುವುದಿಲ್ಲ. ಮರಿಯನ್ನೂ ಕೊಲ್ಲುತ್ತದೆ, ಪಕ್ಕದಲ್ಲಿ ಮಲಗಿದ ಮನುಷ್ಯರನ್ನೂ ಕೊಲ್ಲುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ದೊಡ್ಡ, ಮೇಲ್ಗಾಳಿ ಇರುವ ಶೆಡ್ಡಿನಲ್ಲಿ, ಹೊರಗೆ ಪೂರ್ತಿ ನಿಗಿನಿಗಿಯಾದ ಕೆಂಡವನ್ನು ಮಡಕೆಯಲ್ಲಿಟ್ಟು, ಮೇಲೆ ಬೂದಿ ಮುಚ್ಚಿ, ಸುತ್ತ ಜಾಲರಿ ಕಟ್ಟಿ ಇಡಿ. ಒಬ್ಬರು ಎಚ್ಚರ ಇರಲೇಬೇಕು. ಮನೆಯೊಳಗೆ ಮಾತ್ರ ಬೇಡವೇ ಬೇಡ. ಕರೆಂಟು ಒಂದೆರಡು ಗಂಟೆ ಹೋಗುವ ಊರಿಗೆ ಇದಕ್ಕಿಂತ ಬಿಸಿನೀರಿನ ಬಾಟಲಿ ವಾಸಿ. ಬಾಟಲಿಗೆ ಬಟ್ಟೆ ಸುತ್ತಿ ಮರಿಗಳ ನಡುವೆ ಇಟ್ಟು ಮೇಲೆ ಗೋಣಿ ಹೊದಿಸಿದರೆ ಆ ಹೊತ್ತು ದಾಟುತ್ತದೆ.

ಹೊರಗೆ ಬಿಡುವುದಾ, ಕೂಡಿಹಾಕುವುದಾ

ಡಿಸೆಂಬರ್, ಜನವರಿಯಲ್ಲಿ ಭತ್ತದ ಕೊಯ್ಲು, ರಾಗಿ ಒಕ್ಕಣೆ. ಗದ್ದೆ, ಕಣದಲ್ಲಿ ಉದುರಿದ ಕಾಳು ಕೋಳಿಗೆ ಬಿಟ್ಟಿ ಊಟ. ಇಬ್ಬನಿ ಆರಿದ ಮೇಲೆ, ಎಂಟೂವರೆ ಹೊತ್ತಿಗೆ ಬಿಟ್ಟರೆ ಸಾಕು. ಅದಕ್ಕೂ ಮೊದಲು ಬಿಟ್ಟರೆ ಹೊಟ್ಟೆಯ ಪುಕ್ಕವೆಲ್ಲ ನೆನೆಯುತ್ತದೆ. ಚಳಿಗೆ ಕೋಳಿ ಜಾಸ್ತಿ ತಿನ್ನುತ್ತದೆ, ಸಂಜೆ ಗೂಡಿಗೆ ಸೇರುವ ಮೊದಲು ಒಂದು ಹಿಡಿ ಮುಸುಕಿನ ಜೋಳದ ನುಚ್ಚು ಹಾಕಿ.

ಕೆರೆಯ ಪಕ್ಕದವರು ಮಾತ್ರ ಯೋಚಿಸಬೇಕು. ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಊರಿನ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, ಬೇರೆ ಕೆರೆಗಳಿಗೂ ವಲಸೆ ಹಕ್ಕಿ ಬರುತ್ತವೆ. ಕಾಡುಹಕ್ಕಿಯಿಂದ ಹಕ್ಕಿಜ್ವರ ಹರಡಬಹುದು. ಹಕ್ಕಿಜ್ವರದಿಂದಾಗಿಯೇ 2017ರ ಜನವರಿಯಲ್ಲಿ ಮೈಸೂರು ಮೃಗಾಲಯವನ್ನು ಕೆಲವು ವಾರ ಮುಚ್ಚಬೇಕಾಯಿತು. ಕೋಳಿ ಕೆರೆಯಂಚಿಗೆ ಹೋಗದಂತೆ ನೋಡಿಕೊಳ್ಳಿ, ಕುಡಿಯುವ ನೀರನ್ನು ಮಾಡಿನ ಕೆಳಗೇ ಇಡಿ. ಒಟ್ಟಿಗೆ ಹಲವು ಕೋಳಿ ಸತ್ತರೆ ಕೊಯ್ಯಬೇಡಿ, ಪಶು ಆಸ್ಪತ್ರೆಗೆ ಹೇಳಿ.

ಮೊಟ್ಟೆ ಕಡಿಮೆಯಾಯಿತು ಅಂತ ಬೇಸರಪಡುವವರಿಗೆ ಒಂದು ಮಾತು. ಮಾಗಿಯಲ್ಲಿ ನಮ್ಮ ಹಗಲು 11 ಗಂಟೆ 20 ನಿಮಿಷದ ಆಸುಪಾಸು. ಚೆನ್ನಾಗಿ ಮೊಟ್ಟೆ ಇಡಲು 14–16 ಗಂಟೆ ಬೆಳಕು ಬೇಕು. ಸ್ವರ್ಣಧಾರ ಸಾಕಿ ಮೊಟ್ಟೆ ಮಾರುವವರು ಬೆಳಗಿನ ಜಾವ ಒಂದು ಎಲ್‌ಇಡಿ ಉರಿಸಬಹುದು, ಇಲ್ಲಿ ಶಾಖ ಬೇಡ, ಬೆಳಕು ಸಾಕು. ನಾಟಿ ಕೋಳಿಗೆ ಬೇಡ, ಅದು ವಿಶ್ರಾಂತಿ ತೆಗೆದುಕೊಳ್ಳಲಿ.

ಮೂರು ಮನೆಗೆ ಮೂರು ದಾರಿ

ಮೈಸೂರಿನ ಸೈಟಿನಲ್ಲಿ ಐದಾರು ಕೋಳಿ ಇರುವವರಿಗೆ: ಜಾಲರಿ ಪಂಜರ ಇರಲಿ, ತಳಕ್ಕೆ ಅರ್ಧ ಹಲಗೆ, ಮೂಡಲು ಬಡಗಲಿಗೆ ಗೋಣಿ ಪರದೆ. ಬಲ್ಬ್ ಬೇಡ. ಉಳಿದ ದುಡ್ಡಲ್ಲಿ ಒಳ್ಳೆಯ ಚಿಲಕ ಹಾಕಿಸಿ.

ಹಳ್ಳಿ ಹಿತ್ತಲಲ್ಲಿ 20–25 ನಾಟಿ ಇರುವವರಿಗೆ: ಇಟ್ಟಿಗೆ ಗೂಡಿಗೆ ಎರಡು ಗಾಳಿಕಿಂಡಿ, ನಾಲ್ಕು ಇಂಚು ಭತ್ತದ ಹೊಟ್ಟು, ಅಡ್ಡ ಕೋಲು. ಮರಿ ಬೇಕಿದ್ದರೆ ಹ್ಯಾಟೆಯ ಕೆಳಗೆ 10 ಮೊಟ್ಟೆ. ಇದಕ್ಕೆ ದುಡ್ಡಿಗಿಂತ ಒಂದು ಭಾನುವಾರದ ದುಡಿಮೆ ಸಾಕು.

50 ಗಿರಿರಾಜ ಮರಿ ತಂದು ಹೊಸತೊಡಕಿಗೆ ಬೆಳೆಸುವವರಿಗೆ: ಖರ್ಚಿನ ಮೊದಲ ಪಾಲು ಬಲ್ಬು, ರಟ್ಟಿನ ಬಳೆ, ಸರಪಳಿಗೆ. ತಗಡಿನ ಮೇಲೆ ಸೋಗೆ ಹೊದಿಸಿ. ಪರದೆ ಎತ್ತಿ ಇಳಿಸಲು ಮನೆಯಲ್ಲಿ ಒಬ್ಬರು ಗೊತ್ತುಮಾಡಿ. ಅದು ಆಗುವುದಿಲ್ಲ ಎಂದರೆ ಮರಿಯನ್ನು ಫೆಬ್ರವರಿ ಕೊನೆಗೆ ತನ್ನಿ, ಮಾರುವುದು ಆಮೇಲಿನ ಜಾತ್ರೆಗಳಿಗಾಗಲಿ.

ಮೂವರಿಗೂ ಬೇಕಾದ್ದು ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ. ಇದರಲ್ಲಿ ಆಯ್ಕೆಯ ಮಾತಿಲ್ಲ. ಮರಿಗೆ 5–7ನೇ ದಿನ ಕಣ್ಣು ಅಥವಾ ಮೂಗಿಗೆ ಹನಿ, ನಾಲ್ಕು ವಾರಕ್ಕೆ ಇನ್ನೊಮ್ಮೆ, ಎಂಟು ವಾರ ದಾಟಿದ ಮೇಲೆ ಚುಚ್ಚುಮದ್ದು. ಲಸಿಕೆಯ ಸೀಸೆ ನೂರು, ಇನ್ನೂರು ಕೋಳಿಗೆ ಆಗುವಷ್ಟು ಇರುತ್ತದೆ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಅದಕ್ಕೆ ನಮ್ಮ ಬೀದಿಯ ಎಂಟು ಮನೆಯವರು ಒಂದು ದಿನ ಗೊತ್ತುಮಾಡಿ, ಐಸ್ ಡಬ್ಬದಲ್ಲಿ ಒಂದೇ ಸೀಸೆ ತಂದು, ಸಂಜೆ ಕೋಳಿ ಗೂಡು ಸೇರಿದ ಮೇಲೆ ಮನೆಯಿಂದ ಮನೆಗೆ ಹೋಗುತ್ತೇವೆ. ನವೆಂಬರಿನ ಮೊದಲ ವಾರವೇ ಅದನ್ನು ಮುಗಿಸುತ್ತೇವೆ. ಆಮೇಲೆ ರೈಸ್ ಮಿಲ್ಲಿಗೆ ಹೊಟ್ಟಿಗೆ ಹೇಳಿಡುತ್ತೇನೆ. ಹೊಸ ಭತ್ತ ಬರುವ ತನಕ ಮಿಲ್ಲಿನಲ್ಲಿ ಉಳಿದಿರುವುದು ಹಳೇ ಒಣ ಹೊಟ್ಟು, ಗೂಡಿಗೆ ಅದೇ ಒಳ್ಳೆಯದು.